ಕೂತವ್ವನ ಕಲ್ಲು

ಕಂಡ್ಲಕೊಡ್ಲದ ಅಳಿವೆಯ ಗುಂಟ ಸಾಗುವ ಮಣ್ಣಿನ ದಂಡೆಯ ಮೇಲೆ ಈಗ ಭಾನುವಾರ ಬೆಳಗಾಯಿತೆಂದರೆ ಓಡುವವರ ಸಾಲು. ತಾಲೂಕು ಪೇಟೆಯಿಂದ ಡಾಕ್ಟರು, ಬ್ಯಾಂಕಿನವರು, ಮೇಷ್ಟ್ರುಗಳು, ಮದುವೆಗೆ ಮೊದಲು ಹೊಟ್ಟೆ ಕರಗಿಸಲು ಹೊರಟವರು, ಮದುವೆಯಾದ ಮೇಲೆ ಮನೆಯಿಂದ ಎರಡು ತಾಸು ತಪ್ಪಿಸಿಕೊಳ್ಳಲು ಹೊರಟವರು ಎಲ್ಲರೂ ಬಣ್ಣಬಣ್ಣದ ಬೂಟು ತೊಟ್ಟು ಇಲ್ಲಿಗೆ ಬರುತ್ತಾರೆ. ಕಡಲು ಅಳಿವೆಗೆ ಸೇರುವಲ್ಲಿರುವ ಜಂತ್ರದ ಬಳಿ ಓಟ ಶುರು. ಗದ್ದೆಗೆ ಉಪ್ಪುನೀರು ನುಗ್ಗದಂತೆ ತಡೆಯುವ, ಬೇಕಾದಾಗ ನೀರನ್ನು ಹೊರಬಿಡುವ ಮರದ ಬಾಗಿಲಿಗೆ ಇಲ್ಲಿ ಜಂತ್ರ ಎನ್ನುತ್ತಾರೆ. ಅಲ್ಲಿಂದ ಎಡಕ್ಕೆ ಉಪ್ಪುನೀರಲ್ಲೇ ಬೇರೂರಿ ನಿಂತ ಕಾಂಡ್ಲಾ ಗಿಡಗಳ ನಡುವೆ ಹೊಳೆಯುವ ಹಿನ್ನೀರು, ಬಲಕ್ಕೆ ಗಜನಿ ಎನ್ನುವ ಉಪ್ಪುನೆಲದ ಗದ್ದೆ, ನಡುವೆ ಎರಡಾಳು ಅಗಲದ ದಂಡೆ. ಕೊನೆಗೆ ಗೇರುಗುಡ್ಡದ ಬುಡ ಬಳಸಿ ಒಳಕೊಡ್ಲವೆಂಬ ಊರು ಮುಟ್ಟಿದರೆ ಹೊನ್ನೆಮರದ ಕೆಳಗೆ ಒಂದು ಚಿರೆಕಲ್ಲು. ಎಲ್ಲರೂ ಆ ಕಲ್ಲನ್ನು ಕೈಯಿಂದ ಮುಟ್ಟಿ, ಕೈಗಡಿಯಾರ ನೋಡಿ, ಬಂದ ಹಾದಿಯಲ್ಲೇ ಹಿಂದಿರುಗುತ್ತಾರೆ. ಕೂರುವುದಿಲ್ಲ. ಕೂತರೆ ಕಾಲು ಹಿಡಿಯುತ್ತದೆಂದು ಅವರಿಗೆ ತರಬೇತಿ ಕೊಡುವವನ ಕಟ್ಟಪ್ಪಣೆ. ಆದರೆ ಆ ಕಲ್ಲಿಗೆ ಇರುವ ಹೆಸರು ಕೂತವ್ವನ ಕಲ್ಲು. ಓಟದ ಹಾದಿಯ ತುದಿಗೆ ಇಂಥ ಹೆಸರು ಇಟ್ಟವರು ಯಾರೆಂದು ಹೊಸಬರು ನಗುತ್ತಾರೆ. ಊರವರೂ ಜೊತೆಗೆ ನಗುತ್ತಾರೆ, ಬೇರೆ ಕಾರಣಕ್ಕೆ.

ಹಿಂದೆ ಒಮ್ಮೆ, ಈ ಕಡೆ ರಸ್ತೆಯೂ ಸೇತುವೆಯೂ ಇಲ್ಲದ ಕಾಲದಲ್ಲಿ, ಜಂತ್ರದ ಪಕ್ಕದ ಗುಡಿಸಲಿನಲ್ಲಿ ಸುಬ್ಬಿ ಎಂಬವಳು ತನ್ನ ಗಂಡ ಬೊಮ್ಮಯ್ಯನ ಜೊತೆ ಇದ್ದಳಂತೆ. ಜಂತ್ರದ ಹಲಗೆ ಏರಿಸಿ ಇಳಿಸುವುದು ಬೊಮ್ಮಯ್ಯನ ಮನೆತನದ ಕೆಲಸ. ಕಡಲು ಉಕ್ಕಿ ಬರುವ ಭರತಕ್ಕೆ ಒಮ್ಮೆ ಇಳಿಸಬೇಕು, ಇಳಿತಕ್ಕೆ ಒಮ್ಮೆ ಏರಿಸಬೇಕು, ನಡುವೆ ಕಾಯಬೇಕು. ಕಾಯುವುದೆಂದರೆ ಕೂರುವುದು. ಕೂರುವುದರಲ್ಲಿ ಬೊಮ್ಮಯ್ಯನನ್ನು ಮೀರಿಸಿದವರು ಆ ಅಳಿವೆಯ ಎರಡೂ ದಡದಲ್ಲಿ ಇರಲಿಲ್ಲ. ಸುಬ್ಬಿ ಅವನಿಗೆ ತದ್ವಿರುದ್ಧ. ಉಣ್ಣುವಾಗಲೂ ಅವಳ ಒಂದು ಕಾಲು ಮಡಚಿದ್ದರೆ ಇನ್ನೊಂದು ಏಳಲು ಸಿದ್ಧವಾಗಿರುತ್ತಿತ್ತು. ಬೆಳಗ್ಗೆ ಎದ್ದರೆ ದಂಡೆಯ ತುಂಬ ಓಡಾಡಿ ಏಡಿ ಕೊರೆದ ಬಿಲಗಳಿಗೆ ಮಣ್ಣು ಮೆತ್ತುವಳು, ಕಾಂಡ್ಲಾ ಬೇರಿನ ಸಂದಿಯಲ್ಲಿ ಸಾರಿಗೆ ಬಳಚಿನ ಚಿಪ್ಪು ಹೆಕ್ಕುವಳು, ಬಿಡುವಾದರೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು. "ನಿನ್ನ ಕಾಲಿಗೆ ಚಕ್ರ ಕಟ್ಟೀದಾರೇನೆ ಮಾರಾಯ್ತಿ, ಒಂದು ಗಳಿಗೆ ಕೂತ್ಕ" ಎಂದು ಅವನು, "ಇಬ್ರೂ ಕೂತ್ರೆ ಗಂಜಿ ತಾನೇ ಬೇಯ್ತದ್ಯಾ?" ಎಂದು ಅವಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಈ ಮಾತು ದಿನಕ್ಕೊಮ್ಮೆ ಆಗದೆ ಹೊತ್ತು ಮುಳುಗಿದ್ದಿಲ್ಲ ಎನ್ನುತ್ತಾರೆ.

ತುಳಸಿ ಮದುವೆ ಕಳೆದು ಕಾರ್ತಿಕದ ಹುಣ್ಣಿಮೆಯ ದಿನ. ಉಪ್ಪುನೀರನ್ನು ತಡೆದುಕೊಂಡು ಬೆಳೆಯುವ ಕಗ್ಗದ ಭತ್ತ ಗಜನಿಯ ತುಂಬ ಹಣ್ಣಾಗಿ ನಿಂತಿತ್ತು. ಇನ್ನು ನಾಲ್ಕು ದಿನಕ್ಕೆ ಕೊಯ್ಲು. ಕಗ್ಗ ಎಷ್ಟು ಗಟ್ಟಿ ಎಂದರೂ, ದಂಡೆ ಒಡೆದು ಹುಣ್ಣಿಮೆಯ ಭರತ ಒಮ್ಮೆಲೇ ನುಗ್ಗಿದರೆ ತೆನೆ ಮಲಗಿಬಿಡುತ್ತದೆ, ಎರಡೂ ಊರು ವರ್ಷವಿಡೀ ಏಡಿ ತಿಂದು ಬದುಕಬೇಕಾಗುತ್ತದೆ. ಅದೇ ದಿನ ಎರಡು ಹರದಾರಿ ಆಚೆಯ ಒಳಕೊಡ್ಲದಲ್ಲಿ ಊರಗೌಡ ತಿಮ್ಮಪ್ಪನ ಮಗಳ ಮದುವೆ. ತಿಮ್ಮಪ್ಪ ಬೊಮ್ಮಯ್ಯನ ದೊಡ್ಡಪ್ಪನ ಮಗ. ನಡೆಯಬಲ್ಲವರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು, ದೋಣಿಗಳೂ ಅಲ್ಲೇ. ಜಂತ್ರ ಬಿಟ್ಟು ಕದಲುವಂತಿಲ್ಲದ ಬೊಮ್ಮಯ್ಯ, ಅವನ ಗಂಜಿಗೆಂದು ಉಳಿದ ಸುಬ್ಬಿ, ಇವರಿಬ್ಬರೇ ದಂಡೆಯ ಈ ತುದಿಯಲ್ಲಿದ್ದವರು.

ಬಿಸಿಲು ಏರುವ ಹೊತ್ತಿಗೆ ಜಂತ್ರದ ಬುಡದಲ್ಲಿ ಗುಳುಗುಳು ಸದ್ದು ಕೇಳಿಸಿತು. ಸುಬ್ಬಿ ಬಗ್ಗಿ ನೋಡಿದರೆ ಏಡಿಬಿಲವೊಂದು ದಂಡೆಯ ಆಚೆಯಿಂದ ಈಚೆಗೆ ತೂತಾಗಿ, ಅದರಲ್ಲಿ ಕೆಸರುನೀರು ಸುರಿಯುತ್ತಿತ್ತು. ಅವಳು ಮಣ್ಣು ಮೆತ್ತಿದಳು, ನಿಲ್ಲಲಿಲ್ಲ. ಹುಲ್ಲಿನ ಹೊರೆ ತುರುಕಿದಳು, ಅದು ತೂತಿನೊಳಗೇ ಹೊರಟುಹೋಯಿತು. ಆಗ ಬೊಮ್ಮಯ್ಯ ಅಳಿವೆಯ ಕಡೆಗೆ ಇಳಿದು, ಇನ್ನೊಂದು ಹೊರೆ ಬೆನ್ನಿಗಿಟ್ಟುಕೊಂಡು ತೂತಿಗೆ ಒರಗಿ ಕೂತುಬಿಟ್ಟ. ಹೊರಗಿನ ನೀರಿನ ಒತ್ತಡಕ್ಕೆ ಅವನ ಬೆನ್ನು ದಂಡೆಗೆ ಅಂಟಿಕೊಂಡಿತು. ಸುಬ್ಬಿ ಕೈಹಿಡಿದು ಎಳೆದು ನೋಡಿದಳು, ಅವನು ಬರಲಿಲ್ಲ. ನೀರು ಆಗಲೇ ಅವನ ಸೊಂಟಕ್ಕೆ ಬಂದಿತ್ತು. ಪೂರ್ತಿ ಭರತ ಆಗುವುದು ನೆತ್ತಿಯ ಮೇಲೆ ಹೊತ್ತು ಬಂದಾಗ.

"ಕೂರೂದು ನಂಗೆ ಬರ್ತದೆ. ಓಡೂದು ನಿಂಗೆ ಬರ್ತದೆ. ನೋಡ್ತಾ ನಿಲ್ಬೇಡ, ಜನ ಕರ್ಕಂಡು ಬಾ" ಎಂದ ಬೊಮ್ಮಯ್ಯ.

ಅವಳು ಸೀರೆ ಮೇಲೆ ಕಟ್ಟಿ ಓಡಿದಳು. ಇಂದಿನವರು ಓಡುವ ಹಾದಿಯೇ, ಆದರೆ ಅವರಂತೆ ಬಗಲಿಗೆ ನೀರಿನ ಬಾಟಲಿ ಇಲ್ಲ, ಉಸಿರು ಲೆಕ್ಕಹಾಕಿ ಹೇಳುವವರಿಲ್ಲ. ಹಿನ್ನೀರು ಪಕ್ಕದಲ್ಲೇ ಅವಳ ಜೊತೆ ಓಡುತ್ತಿತ್ತು. ಕಾಂಡ್ಲಾದ ಬೇರುಗಳು ಒಂದೊಂದಾಗಿ ಮುಳುಗುವುದನ್ನು ಅವಳು ಕಣ್ಣಂಚಿನಲ್ಲಿ ಕಂಡಳು. ಪ್ರತಿ ಬೇರು ಮುಳುಗಿದಾಗಲೂ ಅಲ್ಲಿ ಅವನ ಎದೆ, ಅವನ ಭುಜ ಎಂದು ಮನಸ್ಸಿನಲ್ಲೇ ಅಳೆದಳು. ಬೆಳ್ಳಕ್ಕಿಗಳು ಎದ್ದು ಮುಂದೆ ಹೋಗಿ ಕೂತು, ಅವಳು ಹತ್ತಿರ ಬರುತ್ತಲೂ ಮತ್ತೆ ಏಳುತ್ತಿದ್ದವು. ಗೇರುಗುಡ್ಡದ ಕಲ್ಲಿಗೆ ಎಡವಿ ಹೆಬ್ಬೆರಳ ಉಗುರು ಕಿತ್ತದ್ದು ಕೂಡ ಅವಳಿಗೆ ಗೊತ್ತಾಗಲಿಲ್ಲವಂತೆ.

ಒಳಕೊಡ್ಲದ ಮದುವೆಯ ಚಪ್ಪರದಲ್ಲಿ ಮದುಮಗ ಬಾಸಿಂಗ ಕಟ್ಟಿ ಕೂತಿದ್ದ. ಇನ್ನು ಸ್ವಲ್ಪ ಹೊತ್ತಿಗೆ ತಾಳಿ. ಸುಬ್ಬಿ ಅಂಗಳಕ್ಕೆ ಕಾಲಿಟ್ಟ ಕೂಡಲೇ ತಿಮ್ಮಪ್ಪನ ಹೆಂಡತಿ ಪದ್ಧತಿಯಂತೆ ಚೊಂಬು ನೀರು, ಒಂದು ತುಂಡು ಬೆಲ್ಲ ಹಿಡಿದು ಬಂದಳು. "ಈಗ ಬಂದ್ಯನೇ ತಂಗಿ? ಕೂತ್ಕ, ಆಸರಿ ಕುಡಿ."

"ಬೇಡ ಅಕ್ಕ, ಕೂರೂಕೆ ಹೊತ್ತಿಲ್ಲ" ಎಂದಳು ಸುಬ್ಬಿ.

ಅಷ್ಟು ಸಾಕಾಯಿತು. ಈ ಸೀಮೆಯಲ್ಲಿ ಬಂದವರಿಗೆ ಬಾಯಾರಿಕೆಗೆ ಕೊಡುವ ಬೆಲ್ಲನೀರಿಗೆ ಆಸರಿ ಎನ್ನುತ್ತಾರೆ. ವೈರಿ ಬಂದರೂ ಆಸರಿ ಬೇಡ ಎನ್ನುವುದಿಲ್ಲ. ಬೇಡ ಎನ್ನುವವನು ಒಬ್ಬನೇ: ಸಾವಿನ ಸುದ್ದಿ ತಂದವನು. ಅವನು ಕೂರಬಾರದು, ಕುಡಿಯಬಾರದು, ನಿಂತಲ್ಲೇ ಹೇಳಿ ತಿರುಗಬೇಕು. ಕೆದರಿದ ತಲೆ, ಕಾಲಲ್ಲಿ ರಕ್ತ, ಮುಟ್ಟದ ಚೊಂಬು. ಬೊಮ್ಮಯ್ಯ ಹೋದ ಎಂದು ಚಪ್ಪರಕ್ಕೆ ಚಪ್ಪರವೇ ತಿಳಿದುಕೊಂಡಿತು. ಬೊಮ್ಮಯ್ಯ ಹೋದನೆಂದರೆ ಮದುಮಗಳ ಮನೆಗೆ ಸೂತಕ, ಮದುವೆ ನಿಂತಂತೆ. ಆದರೆ ಸೂತಕ ಹಿಡಿಯುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಬೀಳುವ ತನಕ ಇಲ್ಲ.

"ಹೇಳ್ಬೇಡ! ತಾಳಿ ಕಟ್ಟೂ ತನಕ ಬಾಯಿ ಬಿಡ್ಬೇಡ!" ಎಂದು ತಿಮ್ಮಪ್ಪ ಎರಡೂ ಕಿವಿ ಮುಚ್ಚಿಕೊಂಡು ಕೂಗಿದ. "ವಾಲಗ! ವಾಲಗ ಊದ್ರೋ!"

ಸುಬ್ಬಿ ಬಾಯಿ ತೆರೆದಳು, ವಾಲಗ ಏರಿತು. ಅವಳು ಕಿರುಚಿದಳು, ಡೋಲು ಇನ್ನೂ ಗಟ್ಟಿಯಾಯಿತು. ಹತ್ತಿರ ಹೋದರೆ ಜನ ಕಿವಿಗೆ ಬೆರಳಿಟ್ಟು ಹಿಂದೆ ಸರಿದರು, ಕಣ್ಣಲ್ಲಿ ಮಾತ್ರ ನೀರು. ಕೈಸನ್ನೆ ಮಾಡಿದರೆ ಮುಖ ತಿರುಗಿಸಿದರು. ತನ್ನ ಗಂಡನಿಗಾಗಿ ಅಳುತ್ತಿರುವ ನೂರು ಜನರ ನಡುವೆ, ಅವನನ್ನು ಉಳಿಸುವ ಒಬ್ಬನೂ ಸಿಗದೆ ಅವಳು ಸುತ್ತಿದಳು. ಇಬ್ಬರು ಹೆಂಗಸರು ಅವಳ ರಟ್ಟೆ ಹಿಡಿದು ಚಪ್ಪರದ ಹೊರಗೆ, ಗಜನಿಯ ಕಾಲುವೆಯ ಬದಿಯ ಚಿರೆಕಲ್ಲಿನ ತನಕ ತಂದು ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದರು.

ಅಲ್ಲಿ ತಿಮ್ಮಪ್ಪನ ತಾಯಿ ಮಂಕಾಳಜ್ಜಿ ಒಬ್ಬಳೇ ಇದ್ದಳು, ವಿಧವೆ ಎಂದು ಚಪ್ಪರದಿಂದ ದೂರ. ಅವಳ ಕೈಯಲ್ಲಿ, ಸೊಸೆ ತಂದು ಕೊಟ್ಟುಹೋದ ಆ ಬೇಡವಾದ ಚೊಂಬು, ಬೆಲ್ಲದ ತುಂಡು. ಸುಬ್ಬಿಗೆ ಆಗ ಹೊಳೆಯಿತು: ಯಾವುದನ್ನು ಬೇಡ ಎಂದೆನೋ ಅದನ್ನೇ ಈಗ ಕುಡಿಯಬೇಕು. ಕುಡಿದರೆ ಸಾಕು, ಬೊಮ್ಮಯ್ಯ ಬದುಕಿದ್ದಾನೆ ಎಂದು ನೂರು ಬಾಯಲ್ಲಿ ಹೇಳಿದಂತೆ. ಆದರೆ ಬದುಕಿದ್ದಾನೆಂದು ಅವಳಿಗೆ ಗೊತ್ತೇ? ನೀರು ಅವನ ಎದೆಗೆ ಬಂದಿರಬಹುದು, ಮೂಗಿಗೂ ಬಂದಿರಬಹುದು. ಅವನು ಹೋಗಿದ್ದರೆ, ಗಂಡ ಸತ್ತ ಗಳಿಗೆಯಲ್ಲಿ ಮದುವೆಮನೆಯ ಬೆಲ್ಲನೀರು ಕುಡಿದವಳು ಎಂಬ ಮಾತು ಸಾಯುವ ತನಕ ಬೆನ್ನಿಗೆ ಬರುತ್ತದೆ. ಅದಕ್ಕಿಂತ, ತಾನೇ ತನ್ನನ್ನು ಮನ್ನಿಸಿಕೊಳ್ಳಲಾರಳು.

ಸುಬ್ಬಿ ಕಲ್ಲಿನ ಮೇಲೆ ಕೂತಳು. ಪೂರ್ತಿ ಕೂತಳು, ಎರಡೂ ಕಾಲು ಚಾಚಿ. ಬೆಲ್ಲ ಬಾಯಿಗಿಟ್ಟು, ಎಲ್ಲರಿಗೂ ಕಾಣುವಂತೆ ಚೊಂಬು ಎತ್ತಿ, ಗುಟುಕು ಗುಟುಕಾಗಿ ಕುಡಿದಳು. ಅವಸರ ಮಾಡಿದರೆ ನಂಬಲಾರರೆಂದು ಒಂದೊಂದು ಗುಟುಕಿಗೂ ಉಸಿರು ಬಿಟ್ಟಳು. ಮೈಯೊಳಗೆ ಪ್ರತಿಯೊಂದು ನರವೂ ಏಳು ಏಳು ಎನ್ನುತ್ತಿತ್ತು. ಬರಿದಾದ ಚೊಂಬನ್ನು ಮುಂದೆ ಚಾಚಿ, "ಇನ್ನೊಂದು ಕೊಡಿ ಅಜ್ಜಿ" ಎಂದಳು.

ಮಂಕಾಳಜ್ಜಿ ಕೋಲು ಊರಿ ಎದ್ದವಳೇ ಚಪ್ಪರದ ಕಡೆ ತಿರುಗಿದಳು. "ಏ ತಿಮ್ಮಾ, ಕಿವಿ ಬಿಡೋ! ಸಾವಿನ ಸುದ್ದಿ ತಂದವ್ಳು ಎರಡ್ನೇ ಚೊಂಬು ಕೇಳ್ತಾಳ್ಯನಾ?"

ವಾಲಗ ನಿಂತಿತು. ಅಷ್ಟು ಕೂಗಾಡಿದವಳು ಈಗ ಮೆಲ್ಲಗೇ ಹೇಳಿದಳು: "ಯಾರೂ ಸತ್ತಿಲ್ಲ. ಜಂತ್ರದ ಬುಡ ತೂತಾಗಿದೆ, ನಮ್ಮನೆಯವ್ರು ಬೆನ್ನು ಕೊಟ್ಟು ಕೂತಿದಾರೆ. ನೀವು ಬೇಗ ಹೋದ್ರೆ ಯಾರೂ ಸಾಯೂದಿಲ್ಲ."

ಭರತಕ್ಕೆ ಎದುರಾಗಿ ಹುಟ್ಟು ಹಾಕುವುದಕ್ಕಿಂತ ಓಡುವುದೇ ಬೇಗ. ಮದುವೆಮನೆಗೆ ಮದುವೆಮನೆಯೇ ದಂಡೆಯ ಮೇಲೆ ಓಡಿತು. ಕೈಗೆ ಸಿಕ್ಕ ಚಾಪೆ, ಗೋಣಿ, ಚಪ್ಪರದ ಕಂಬ, ಎಲ್ಲ ಹೊತ್ತರು. ಎಲ್ಲರಿಗಿಂತ ಮುಂದೆ ಬಾಸಿಂಗ ಕಟ್ಟಿದ್ದ ಮದುಮಗ. ಮಾವನಿಗೆ ಓಟ ತೋರಿಸಲು ಅವನಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಯಾವಾಗ ಸಿಗಬೇಕು. ವಾಲಗದವರೂ ಡೋಲು ಇಳಿಸಿ ಹಿಂದೆ ಓಡಿದರು. ಉಳಿದದ್ದು ಮದುಮಗಳು, ಮುದುಕಿಯರು, ಮತ್ತು ಸುಬ್ಬಿ. ಅವಳೂ ಏಳಲು ಹೋದಳು. ಕಾಲು ಏಳಲಿಲ್ಲ. ಎರಡು ಹರದಾರಿ ಓಡಿ ಒಮ್ಮೆಲೇ ಕೂತದ್ದಕ್ಕೆ ತೊಡೆಯಿಂದ ಪಾದದ ತನಕ ಮರಗಟ್ಟಿ ಹೋಗಿತ್ತು. ಮಂಕಾಳಜ್ಜಿ ಎಣ್ಣೆ ತಿಕ್ಕಿದಳು, ಏನೂ ಆಗಲಿಲ್ಲ.

ಹೀಗೆ ಒಂದು ಗಳಿಗೆ ಕೂರಲಾರದವಳು ಆ ದಿನ ಮಧ್ಯಾಹ್ನವೆಲ್ಲ ಕೂತಳು. ಕಲ್ಲಿನ ಎದುರಿಗೇ ಗಜನಿಯ ಕಾಲುವೆ. ಅದರ ಬದಿಯಲ್ಲಿ, ನೀರಿನಿಂದ ಅರ್ಧ ಗೇಣು ಮೇಲೆ, ಒಂದು ಏಡಿಯ ಬಿಲ. ದಂಡೆ ಒಡೆದರೆ ಮೊದಲು ಮುಳುಗುವುದು ಅದೇ. ಅದು ಮುಳುಗಿದರೆ ಬೊಮ್ಮಯ್ಯ ಇಲ್ಲ, ಬೇರೆ ಯಾರೂ ಬಂದು ಹೇಳಬೇಕಾಗಿಲ್ಲ. ಕಲ್ಲಿನ ಅಂಚನ್ನು ಎರಡೂ ಕೈಯಿಂದ ಬಿಗಿದು ಹಿಡಿದು ಅವಳು ಆ ಬಿಲವನ್ನೇ ನೋಡಿದಳು. ಹೊತ್ತು ನೆತ್ತಿಗೆ ಬಂತು. ನೀರು ಒಂದು ಬೆರಳು ಏರಿತು. ನೀರು ಎರಡು ಬೆರಳು ಏರಿತು. ಅಲ್ಲಿಯೇ ನಿಂತಿತು. ಹೊನ್ನೆಮರದ ನೆರಳು ಈ ಬದಿಯಿಂದ ಆ ಬದಿಗೆ ಹೋಗುವ ತನಕ ನಿಂತೇ ಇತ್ತು. ಬಿಲದಿಂದ ಏಡಿಯೊಂದು ಹೊರಗೆ ಬಂದು, ಒಣಮಣ್ಣಿನ ಮೇಲೆ ನಡೆದು, ಮತ್ತೆ ಒಳಗೆ ಹೋಯಿತು. ಸುಬ್ಬಿ ಆಗ ಅತ್ತಳು ಎನ್ನುತ್ತಾರೆ.

ಸಂಜೆಗೆ ಬೊಮ್ಮಯ್ಯನನ್ನು ಚಾಪೆಯಲ್ಲಿ ಹೊತ್ತು ತಂದರು. ಅವರು ಮುಟ್ಟುವಾಗ ನೀರು ಅವನ ಗಲ್ಲಕ್ಕೆ ಬಂದಿತ್ತಂತೆ. ಹೊರಗಿನಿಂದ ಚಾಪೆ, ಗೋಣಿ, ಮಣ್ಣು ಒಟ್ಟಿ, ಮದುಮಗ ಕಂಕುಳಿಗೆ ಕೈ ಕೊಟ್ಟು ಎಳೆದಾಗ ಬೆನ್ನಿನ ಚರ್ಮದಲ್ಲಿ ಅರ್ಧ ದಂಡೆಯಲ್ಲೇ ಉಳಿಯಿತು. ಅವನನ್ನು ಕಲ್ಲಿನ ಮುಂದೆ ಇಳಿಸಿದರು. ಅವನು ಕಣ್ಣು ತೆರೆದು, ಕಾಲು ಚಾಚಿ ಕೂತ ಹೆಂಡತಿಯನ್ನು ನೋಡಿದ.

"ಎಂತದೇ," ಎಂದ, "ಕೊನೆಗೂ ಕೂತ್ಯಾ?"

ಸುತ್ತ ನಿಂತ ಜನವೆಲ್ಲ ನಕ್ಕುಬಿಟ್ಟಿತು. ಆ ನಗುವಿನಲ್ಲೇ ಗೋಧೂಳಿ ಹೊತ್ತಿಗೆ ತಾಳಿ ಕಟ್ಟಿಸಿದರು. ಸುಬ್ಬಿ ಮರುದಿನ ಎದ್ದು ಓಡಾಡಿದಳು, ಮುಂದೆ ಮೂವತ್ತು ವರ್ಷ ಓಡಾಡಿದಳು, ಆದರೂ ಅವಳಿಗೆ ಉಳಿದದ್ದು ಕೂತವ್ವ ಎಂಬ ಹೆಸರೇ.

ಇಂದು ಹೋದವರಿಗೂ ಆ ಕಲ್ಲಿನ ಅಂಚಿನಲ್ಲಿ ಈ ಬದಿಗೆ ನಾಲ್ಕು, ಆ ಬದಿಗೆ ನಾಲ್ಕು ಸಣ್ಣ ಗುಳಿಗಳು ಕಾಣುತ್ತವೆ. ಕೂತವ್ವನ ಬೆರಳಿನ ಗುರುತು ಎನ್ನುತ್ತಾರೆ ಊರವರು. ಗುಳಿ ಇಲ್ಲದ ಚಿರೆಕಲ್ಲು ಎಲ್ಲಿದೆ ಎಂದು ಓದಿದವರು ಕೇಳುತ್ತಾರೆ, ಅದೂ ಸರಿಯೇ. ಆಸ್ಪತ್ರೆಗೆ ಸೇರಿಸಿದವರ ಸುದ್ದಿಗೆ, ಗಾಳಿಯ ದಿನ ಕಡಲಿಗೆ ಹೋದ ದೋಣಿಗೆ ಕಾಯುವ ಹೆಂಗಸರು ಈಗಲೂ ಅಲ್ಲಿಗೆ ಬಂದು ಕೂರುತ್ತಾರೆ. ಅವರು ಕೈಯೂರಿದರೆ ಬೆರಳು ಆ ಗುಳಿಗಳಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತವೆ. ಭಾನುವಾರದ ಓಟದವರಿಗೆ ಇದು ಗೊತ್ತಿಲ್ಲ. ಗೊತ್ತಾಗಬೇಕಾದರೆ ಕೂರಬೇಕು.