ನಾಲ್ಕನೆಯ ಮಗಳ ಹೆಸರು

ಕಣಿವೆಕೋಟೆಯ ದೊರೆ ಕೆಂಚಣ್ಣನಾಯಕನಿಗೆ ಒಂದು ದೊಡ್ಡ ಜಂಬ. "ನಮ್ಮ ಬಾಯಿಂದ ಹೊರಟ ಅಪ್ಪಣೆ ಮತ್ತೆ ಒಳಕ್ಕೆ ಹೋಗುವುದಿಲ್ಲ" ಎಂದು ಮೀಸೆ ತಿರುವುತ್ತಿದ್ದ. ಒಂದು ಸಲ ಮಜ್ಜಿಗೆ ಹುಳಿಯಾಗಿದೆಯೆಂದು ಸಿಟ್ಟಿಗೆದ್ದು, "ಈ ಬೇಸಿಗೆಯೆಲ್ಲ ಅರಮನೆಗೆ ಮಜ್ಜಿಗೆ ತರಕೂಡದು" ಎಂದುಬಿಟ್ಟ. ಸಂಜೆಗೇ ಪಶ್ಚಾತ್ತಾಪವಾಯಿತು. ಆದರೇನು, ಮಳೆ ಬೀಳುವವರೆಗೂ ಬಿಸಿ ಸಾರನ್ನ ಉಂಡು ಬೆವರೊರೆಸಿಕೊಂಡನೇ ಹೊರತು ಮಾತು ಬದಲಿಸಲಿಲ್ಲ.

ಇಂಥ ದೊರೆಯ ಆಸ್ಥಾನದಲ್ಲಿ ಚಿಕ್ಕೀರಯ್ಯನೆಂಬ ಮಾತುಗಾರನಿದ್ದ. ಮೂರು ಹೆಣ್ಣುಮಕ್ಕಳ ಅಪ್ಪ. ನಾಲ್ಕನೆಯದೂ ಹೆಣ್ಣೇ ಆಯಿತು. ಸೂಲಗಿತ್ತಿ ಹೊರಗೆ ಬಂದು, ಸಾವಿನ ಸುದ್ದಿ ಹೇಳುವವಳ ಹಾಗೆ ತಲೆ ತಗ್ಗಿಸಿ "ಹೆಣ್ಣು" ಎಂದಳು. ಅವನು ಒಳಗೆ ಹೋಗಿ ನೋಡಿದರೆ ಹೆಂಡತಿ ಹೊನ್ನಾಜಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಮಗು ಮಾತ್ರ ಯಾರ ಹಂಗೂ ಇಲ್ಲದೆ ಮುಷ್ಟಿ ಚೀಪುತ್ತಿದೆ.

"ಯಾಕೆ ಅಳ್ತೀಯ?"

"ಅಳದೆ ಇನ್ನೇನು ಮಾಡಲಿ? ಹೊರಗೆ ಎಲ್ಲರೂ ಆಗಲೇ ಸಾಕಮ್ಮ ಅಂತ ಹೆಸರಿಟ್ಟಾಯಿತು. ನಿಮಗೆ ಕೇಳಿಸ್ತಿಲ್ವಾ?"

ಆ ಸೀಮೆಯಲ್ಲಿ ಅದೇ ವಾಡಿಕೆ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದರೆ ಕೊನೆಯದಕ್ಕೆ ಸಾಕಮ್ಮ ಎಂದು ಹೆಸರು. 'ದೇವರೇ, ಇನ್ನು ಹೆಣ್ಣು ಸಾಕು' ಎಂದು ಅರ್ಜಿ ಹಾಕಿದ ಹಾಗೆ. ಹಾಕಿದವರು ಮರೆತುಬಿಡುತ್ತಾರೆ. ಆ ಕೂಸು ಮಾತ್ರ ಅದನ್ನು ಬದುಕಿಡೀ ಹೊತ್ತು ತಿರುಗಬೇಕು.

ಚಿಕ್ಕೀರಯ್ಯ ಹೆಂಡತಿಯ ಪಕ್ಕಕ್ಕೆ ಬಗ್ಗಿದ. ಮಗುವನ್ನು ಎತ್ತಿಕೊಂಡು, "ಇವಳ ಹೆಸರು ಬೇಕಮ್ಮ" ಎಂದ.

ಬಾಗಿಲಲ್ಲಿದ್ದ ಅಕ್ಕ ದೇವೀರಮ್ಮ ಎದೆ ಹಿಡಿದುಕೊಂಡಳು. "ಬೇಕಮ್ಮನಾ! ಇನ್ನೂ ಒಂದು ಹೆಣ್ಣು ಬೇಕು ಅಂತ ದೇವರನ್ನ ಕೇಳ್ತಿದ್ದೀಯೇನೋ? ಲೋಕದಲ್ಲಿ ಯಾರಾದರೂ ಇಂಥ ಹೆಸರಿಟ್ಟಿದ್ದಾರಾ?"

"ಇಟ್ಟಿಲ್ಲ ಅಕ್ಕ. ಅದಕ್ಕೇ ನಾನು ಇಡ್ತಿದ್ದೀನಿ."

"ತೊಟ್ಟಿಲಲ್ಲಿ ಮಗೂನ ಕಿವಿಗೆ ಹೆಸರು ಹೇಳಬೇಕಾದ ಸೋದರತ್ತೆ ನಾನು. ನನ್ನ ಬಾಯಲ್ಲಿ ಆ ಹೆಸರು ಬರೋದಿಲ್ಲ!"

ಗೆಳೆಯರೂ ಬಂದು ಬುದ್ಧಿ ಹೇಳಿದರು. "ನಾಳೆ ಗಂಡಿನ ಕಡೆಯವರು ಬಿದ್ದು ಬಿದ್ದು ನಗ್ತಾರೆ ಮಾರಾಯ" ಎಂದರು. "ನಗುವವರ ಮನೆಗೇ ಕೊಡ್ತೀನಿ, ಅಳಿಸುವವರ ಮನೆಗಿಂತ ವಾಸಿ" ಎಂದ ಚಿಕ್ಕೀರಯ್ಯ. ಅವನು ಜಗ್ಗುವ ಹಾಗೆ ಕಾಣದಿದ್ದಾಗ ದೇವೀರಮ್ಮ ನೆಟ್ಟಗೆ ಆಸ್ಥಾನಕ್ಕೇ ಹೋಗಿ ದೂರು ಕೊಟ್ಟಳು.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಗಂಭೀರನಾಗಿ ಚಿಕ್ಕೀರಯ್ಯನನ್ನು ಕರೆಸಿದ.

"ಹಿರಿಯರ ವಾಡಿಕೆ ಮುರಿಯುತ್ತೀಯಾ? ನಾಲ್ಕನೆಯ ಹೆಣ್ಣಿಗೆ ಸಾಕಮ್ಮ ಎಂದೇ ಹೆಸರಿಡತಕ್ಕದ್ದು. ಇದು ನಮ್ಮ ಅಪ್ಪಣೆ!"

ಈ ಬಾಯಿಂದ ಬಂದ ಅಪ್ಪಣೆ ಹಿಂದಕ್ಕೆ ಹೋಗುವುದಿಲ್ಲ. ತಲೆ ಕೆರೆದುಕೊಂಡು ನಿಂತ ಚಿಕ್ಕೀರಯ್ಯನ ಕಣ್ಣು, ಸಿಂಹಾಸನದ ಪಕ್ಕದ ಪರದೆಯ ಮೇಲೆ ಬಿತ್ತು. ಅದರ ಹಿಂದೆ ಮಹಾರಾಣಿ ರತ್ನಾಜಮ್ಮಣ್ಣಿಯವರು ಕುಳಿತಿದ್ದರು.

"ಆಗಲಿ ಮಹಾಪ್ರಭು. ಆದರೆ ನನ್ನೊಬ್ಬನಿಗೇ ಈ ಅಪ್ಪಣೆಯಾದರೆ ಜನ ಪಕ್ಷಪಾತ ಎಂದಾರು."

"ನಾಡಿಗೆಲ್ಲ ಒಂದೇ ಅಪ್ಪಣೆ!"

"ಈಗ ಹುಟ್ಟುವ ಕೂಸುಗಳಿಗೆ ಮಾತ್ರವೋ?"

"ಹುಟ್ಟಿದವರಿಗೂ, ಹುಟ್ಟುವವರಿಗೂ. ಇವತ್ತಿನಿಂದ ನಾಲ್ಕನೆಯ ಹೆಣ್ಣೆಂದರೆ ಸಾಕಮ್ಮ. ಎಲ್ಲರೂ ಹಾಗೇ ಕರೆಯಬೇಕು."

"ದೊಡ್ಡ ಮನೆಗಳಿಗೆ ಏನಾದರೂ ರಿಯಾಯಿತಿ?"

"ಅರಮನೆಗೇ ಬೇರೆ ಕಾನೂನಿಲ್ಲ, ಹೋಗಯ್ಯಾ!" ದೊರೆ ಮೀಸೆ ತಿರುವಿದ.

ಚಿಕ್ಕೀರಯ್ಯ ದೊರೆಗೆ ಕೈಮುಗಿದ. ಪರದೆಯ ಮುಂದೆ ಹೋಗಿ ಇನ್ನೂ ಬಗ್ಗಿ ಕೈಮುಗಿದ.

"ಸಾಕಮ್ಮನವರಿಗೆ ಅಡ್ಡಬಿದ್ದೆ" ಎಂದ.

"ತಲೆ ತಿರುಗಿತೇನೋ ನಿನಗೆ?" ದೊರೆ ಗರ್ಜಿಸಿದ.

"ಅಪ್ಪಣೆ ಪಾಲಿಸಿದೆ, ಮಹಾಪ್ರಭು. ಮಹಾರಾಣಿಯವರಿಗೆ ಮೂವರು ಅಕ್ಕಂದಿರು. ತಮ್ಮ ಷಡ್ಡಕರು ಮೂವರೂ ಮೊನ್ನೆ ಹಬ್ಬಕ್ಕೆ ಬಂದು ಉಂಡು ಹೋದರಲ್ಲ."

ದೊರೆಯ ಕೈ ಮೀಸೆಯ ಮೇಲೇ ನಿಂತುಹೋಯಿತು. ಷಡ್ಡಕರು ಉಂಡ ಹೋಳಿಗೆ ನೆನಪಿತ್ತೇ ಹೊರತು, ಅವರ ಹೆಂಡಿರ ತಂಗಿ ಎಷ್ಟನೆಯವಳೆಂದು ಅವನು ಎಣಿಸಿಯೇ ಇರಲಿಲ್ಲ.

ಪರದೆಯ ಹಿಂದಿನಿಂದ ಮಹಾರಾಣಿಯ ದನಿ ಬಂತು.

"ಅವರು ಕರೆದದ್ದು ಸರಿಯಾಗಿಯೇ ಇದೆ. ತವರಿನಲ್ಲಿ ನಾನು ಸಾಕಮ್ಮನೇ. ಯಾರು ಆ ಹೆಸರು ಕೂಗಿದರೂ, ನೀನು ಬರಬಾರದಿತ್ತು ಎಂದ ಹಾಗೆ ಆಗುತ್ತಿತ್ತು. ಮದುವೆಯ ದಿನ ನಿಮ್ಮ ತಾಯಿ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿದಾಗ, ಹೆಸರು ಚಂದವಿದೆ ಎಂದು ನಾನು ಕಣ್ಣೀರಿಟ್ಟೆ ಅಂದುಕೊಂಡಿರಾ? ಸದ್ಯ, ಹಳೆಯದು ಹೋಯಿತಲ್ಲ ಎಂದು ಕಣ್ಣೀರಿಟ್ಟೆ. ಇವತ್ತು ಅದನ್ನು ನೀವೇ ವಾಪಸು ತಂದಿರಿ."

ದೇವೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ದೊರೆ ಸಿಂಹಾಸನದಿಂದ ಎದ್ದು ನಿಂತ.

"ಆ ಅಪ್ಪಣೆ ರದ್ದು" ಎಂದ. ಹಾಗೆಂದವನು ತಾನೇ ಬೆಚ್ಚಿದ, ಅಂಥ ಮಾತು ಅವನ ಬಾಯಿಂದ ಅದೇ ಮೊದಲು.

"ರದ್ದು ಬೇಡ, ತಿದ್ದಿ" ಎಂದರು ಮಹಾರಾಣಿ. "ನಾಲ್ಕನೆಯ ಹೆಣ್ಣೆಂದರೆ ಇನ್ನು ಬೇಕಮ್ಮ. ಎಲ್ಲರೂ ಹಾಗೇ ಕರೆಯಬೇಕು."

"ಆಗಲಿ, ಹಾಗೇ ಡಂಗುರ ಸಾರಲಿ."

"ಅರಮನೆಗೆ ಬೇರೆ ಕಾನೂನಿಲ್ಲ ಅಂದಿರಲ್ಲ. ಹಾಗಾದರೆ ಕರೆಯಿರಿ."

"ಇಲ್ಲಿಯೇ? ಸಭೆಯಲ್ಲಿ?"

"ಇಲ್ಲಿಯೇ."

ಯುದ್ಧಕ್ಕೆ ಹೆದರದ ನಾಯಕ ಕಿವಿಯವರೆಗೂ ಕೆಂಪಾದ. ಕೆಮ್ಮಿದ, ಗಂಟಲು ಸರಿಮಾಡಿಕೊಂಡ. "ಬೇಕಮ್ಮಾ" ಎಂದು ಮೆಲ್ಲನೆ ಕರೆದ.

"ಕೇಳಿಸಲಿಲ್ಲ."

"ಬೇಕಮ್ಮಾ!"

"ಇನ್ನೊಂದು ಸಲ."

ದೊರೆ ಬೆವರೊರೆಸಿಕೊಂಡು ಚಿಕ್ಕೀರಯ್ಯನ ಕಡೆಗೆ ದೈನ್ಯದಿಂದ ನೋಡಿದ. ಬೆರಳಿನ ಉಂಗುರ ಕಳಚಿ, "ತಗೋ, ನಿನ್ನ ಮಗಳ ತೊಟ್ಟಿಲಿಗೆ. ಅದಿರಲಿ, ನಾನು ಹೀಗೆ ಎಷ್ಟು ಸಲ ಕರೆಯಬೇಕಯ್ಯಾ?" ಎಂದು ಕೇಳಿದ.

"ಅವರು ಸಾಕು ಎನ್ನುವವರೆಗೆ, ಮಹಾಪ್ರಭು."

ಪರದೆಯ ಹಿಂದೆ ನಗು ಕೇಳಿಸಿತು. ಆ ಮಾತು ಮಾತ್ರ ಬರಲಿಲ್ಲ.