ಟವೆಲ್ಲಿನೊಳಗೆ ಸಿಕ್ಕಿಬಿದ್ದ ನೋಟು

ಮಕ್ಕಳೇ, ಈ ಕಥೆಯಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಇಲ್ಲೇ ಉದುರಿಹೋಗಲಿ. ಮೀಸೆ ಸಾಮಾನ್ಯದ್ದಲ್ಲ, ಅದರ ನೆರಳಿನಲ್ಲಿ ಇಬ್ಬರು ಕೂತು ಊಟ ಮಾಡಬಹುದು.

ಯಮನೂರಪ್ಪ ತನ್ನ ಟಗರನ್ನು ಸಂತೆಗೆ ತಂದಿದ್ದ. ಅದನ್ನು ಮಾರಿದ ದುಡ್ಡಿನಲ್ಲೇ ಮಗಳು ಶಾಂತವ್ವನಿಗೆ ಹೊಲಿಗೆ ಯಂತ್ರ ಕೊಳ್ಳಬೇಕು. ಮನೆಯಲ್ಲಿ ಇನ್ನೊಂದು ಟಗರಿಲ್ಲ.

ಆ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವ, ಮಾರುವವ ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿಯೇ ವ್ಯಾಪಾರ ಕುದುರಿಸುತ್ತಾರೆ. ಯಮನೂರಪ್ಪನ ಬೆರಳುಗಳಂತೂ, ಎದುರಿನವ ಬೆಳಗ್ಗೆ ಏನು ತಿಂದ ಎಂಬುದನ್ನೂ ಹೇಳುತ್ತಿದ್ದವು!

ಪರವೂರಿನ ದ್ಯಾಮಣ್ಣ ಬಂದ. ಯಮನೂರಪ್ಪ ಬೆರಳೊತ್ತಿ ಹೇಳಿದ ಬೆಲೆಗೆ ಚೌಕಾಸಿಯೇ ಇಲ್ಲದೆ ಒಪ್ಪಿದ. ಐನೂರರ ನೋಟಿನ ಕಟ್ಟು ಚಾಚಿದ.

"ಲಗೂ ತಗೋ ಕಾಕಾ, ಗಾಡಿ ನಿಂತೈತಿ."

ಯಮನೂರಪ್ಪ ಒಂದು ನೋಟನ್ನು ಬಿಸಿಲಿಗೆ ಹಿಡಿಯಹೋದ.

"ಏನ್ ಕಾಕಾ, ನಾಕ್ ಮಂದಿ ಮುಂದ ನನ್ನ ಕಳ್ಳ ಅಂತೀಯೇನು?"

ಸುತ್ತಲಿನವರು ನಕ್ಕರು. ನಾಚಿಕೆಯಿಂದ ಯಮನೂರಪ್ಪನ ಕೈ ಇಳಿಯಿತು. ಟಗರಿನ ಹಗ್ಗ ಇನ್ನೇನು ಕೈ ದಾಟಬೇಕು, ಅಷ್ಟರಲ್ಲಿ ಮಗಳ ಮುಖ ನೆನಪಾಯಿತು.

"ತಪ್ಪು ತಿಳೀಬ್ಯಾಡಪ್ಪ. ನಮ್ಮ ಸಂತ್ಯಾಗ ಎಲ್ಲಾ ಟವೆಲ್ ಕೆಳಗ" ಎಂದು ಕಟ್ಟನ್ನು ಟವೆಲ್ಲಿನೊಳಗೆ ಎಳೆದುಕೊಂಡ. ಬ್ಯಾಂಕಿನಿಂದ ತಂದಿದ್ದ ತನ್ನದೊಂದು ಐನೂರರ ಹೊಸ ನೋಟನ್ನೂ ಜೊತೆಗಿಟ್ಟ. ಸಾಚಾ ನೋಟಿನ ಅಂಚಿನಲ್ಲಿ ಉಬ್ಬಿದ ಗೆರೆಗಳಿರುತ್ತವೆ. ಬ್ಯಾಂಕಿನ ನೋಟಿನ ಗೆರೆಗಳು ಬೆರಳಿಗೆ ತೊಡರಿದವು. ದ್ಯಾಮಣ್ಣನ ನೋಟುಗಳು ಎಣ್ಣೆ ಹಚ್ಚಿದ ಹಾಗೆ ಜಾರಿದವು.

ಈಗೆಲ್ಲಿಯ ನಾಚಿಕೆ! ತನ್ನ ನೋಟನ್ನೂ ಕಟ್ಟಿನದೊಂದು ನೋಟನ್ನೂ ಬಿಸಿಲಿಗೆ ಹಿಡಿದು ಓರೆ ಮಾಡಿದ. ಬ್ಯಾಂಕಿನ ನೋಟಿನೊಳಗೆ ಹೊಳೆಯುವ ದಾರ ಹಸಿರಿನಿಂದ ನೀಲಿಗೆ ತಿರುಗಿತು. ಇನ್ನೊಂದರ ದಾರ ಎತ್ತ ತಿರುಗಿಸಿದರೂ ಹಸಿರೇ.

"ನೋಟಿನ ಬಣ್ಣ ಬದಲಾಗವಲ್ದು, ನಿನ್ನ ಮಾರಿ ಬಣ್ಣ ಬದಲಾಗಾಕತ್ತೈತಲ್ಲೋ ತಮ್ಮಾ!"

ದ್ಯಾಮಣ್ಣ ಓಟ ಕಿತ್ತ. ಹಗ್ಗ ಬಿಡಿಸಿಕೊಂಡ ಟಗರು ಹಿಂದೆಯೇ ಹೊರಟಿತು. ಅವನನ್ನು ಮೂರು ಊರು ದಾಟಿಸಿ, ಗುದ್ದುತ್ತ ಗುದ್ದುತ್ತ ನೇರವಾಗಿ ಪೊಲೀಸ್ ಠಾಣೆಯ ಮೆಟ್ಟಿಲಿಗೇ ತಲುಪಿಸಿತು. ಖೋಟಾ ಕಟ್ಟೂ ಅಲ್ಲಿಗೇ ಸೇರಿತು.

ಟಗರಿನ ಪರಾಕ್ರಮ ನೋಡಿದ ಮೌಲಾಸಾಬ ಎಂಬ ವ್ಯಾಪಾರಿ, ಅದನ್ನು ಅದೇ ಬೆಲೆಗೆ ಕೊಂಡ. "ಒಂದೊಂದ ನೋಟು ನೋಡಿ ತಗೋ ಕಾಕಾ, ನನಗೇನ್ ಅವಸರಿಲ್ಲ" ಎಂದ. ಸಂಜೆಯ ಬಸ್ಸಿನಲ್ಲಿ ಹೊಲಿಗೆ ಯಂತ್ರ ಸೀಟಿನ ಮೇಲೆ ಕೂತಿತ್ತು. ಯಮನೂರಪ್ಪ ಊರು ಬರುವವರೆಗೂ ಪಕ್ಕದಲ್ಲಿ ನಿಂತೇ ಇದ್ದ, ಮಹಾರಾಜನ ಹಾಗೆ.

ನೀತಿ: ನೋಟನ್ನು ಮುಟ್ಟಿ, ಓರೆ ಮಾಡಿ, ನೋಡಿಯೇ ತೆಗೆದುಕೊಳ್ಳಿ. ಪ್ರಾಮಾಣಿಕನು ಪರೀಕ್ಷೆಗೆ ಬೇಸರಪಡುವುದಿಲ್ಲ. ನಾಚಿಕೆ ಹುಟ್ಟಿಸಿ ಅವಸರ ಮಾಡುವವನ ನೋಟನ್ನು ಎರಡು ಸಲ ನೋಡಿ.

ಹಾಂ, ಒಂದು ಸಣ್ಣ ಮಾತು. ಟಗರು ದ್ಯಾಮಣ್ಣನನ್ನು ಅಟ್ಟಿದ್ದು ಮೂರು ಊರಲ್ಲ, ಸಂತೆಯ ಪಕ್ಕದ ಚಹಾದಂಗಡಿಯವರೆಗೆ. ಠಾಣೆಗೆ ಒಯ್ದದ್ದು ಅಲ್ಲಿದ್ದ ಜನ. ಅದಕ್ಕೇ ನೋಡಿ, ಮೀಸೆಯಲ್ಲಿ ಒಂದೇ ಒಂದು ಕೂದಲು ಉದುರಿದೆ.