ಒಣ ಅಕ್ಕಿಯ ತೀರ್ಪು

"ಕೇಳಿರಪ್ಪೋ ಕೇಳಿ! ದೊರೆಗಳು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಉಳಿಯೋದಿಲ್ಲ!"

ಹಾಗಂತ ಕೋಟೆಹಾಳದ ಬೀದಿಯಲ್ಲಿ ಡಂಗುರ ಬಿತ್ತು.

ಆ ಊರಿನ ನ್ಯಾಯ ಎಂಥದ್ದು ಗೊತ್ತಾ? ಕಳ್ಳತನದ ಅಪವಾದ ಬಂದರೆ ಸಾಕ್ಷಿ ಕೇಳೋದಿಲ್ಲ, ಒಂದು ಹಿಡಿ ಒಣ ಅಕ್ಕಿ ಅಗಿಸುತ್ತಾರೆ. ಉಗುಳಿದ ಅಕ್ಕಿ ಒದ್ದೆಯಾಗಿದ್ದರೆ ಬಚಾವು. ಒಣಗಿದ್ದರೆ ಕಳ್ಳ, ಸುಳ್ಳಿಗೇ ಬಾಯಿ ಒಣಗಿತು ಅಂತ ತೀರ್ಪು. ಥೂ, ನ್ಯಾಯವಂತೆ! ಅರಮನೆಯಲ್ಲಿ ಹಿಟ್ಟು ಬೀಸುತ್ತಿದ್ದ ನಿಂಗವ್ವನನ್ನು ಹಾಗೇ ಶೂಲಕ್ಕೆ ಹಾಕಿದರು. ಅವಳ ಮಗ ಹುಚ್ಚೀರ ಕಟ್ಟಿಗೆ ಮಾರುವವನು. ಅಂದಿನಿಂದ ಅವನಿಗೆ ಊರೆಲ್ಲ ಕಳ್ಳಿಯ ಮಗ ಅಂತಲೇ ಹೆಸರು.

ದೊರೆ ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದ. ಮೊದಲು ಹೋದವನು ಒಬ್ಬ ಸರದಾರ.

"ಯಾರೂ ತೋಡದ ಬುಗ್ಗೆ. ಊಟ ಕಂಡರೆ ಉಕ್ಕುತ್ತದೆ, ಭಯ ಕಂಡರೆ ಇಂಗುತ್ತದೆ. ಏನದು?"

"ಹಸುವಿನ ಕೆಚ್ಚಲು!" ಅಂದ ಸರದಾರ. ಅವನ ತಲೆ ಹೋಯಿತು.

ಹಿಂದೆಯೇ ಹೋದ ಪಂಡಿತ ಅದನ್ನು ಬಿಡಿಸಿದ. ಎರಡನೆಯದು ಬಂತು. "ನೀರಿರುವಷ್ಟು ದಿನ ಗಟ್ಟಿಯಾಗಿ ನಿಲ್ಲುವ ಬಿಳಿಯರು. ನೀರು ಬತ್ತಿದರೆ ಬುಡದಿಂದ ಕೊಳೆಯುತ್ತಾರೆ. ಯಾರವರು?" ಪಂಡಿತ ಬಿಳಿ ತಾವರೆ ಅಂದ. ಪಾಪ, ಅವನೂ ಹೋದ.

ಆಮೇಲೆ ಹುಚ್ಚೀರ ಬಂದ. ಸಾಯುವ ಹೆದರಿಕೆ ಅವನಿಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವ್ವನ ಹೆಸರಿನ ಮಸಿ ತೊಳೆಯಲು ಬೇರೆ ದಾರಿ ಇರಲಿಲ್ಲ, ಅಷ್ಟೇ. ಅವೇ ಎರಡು ಒಗಟು ಹೇಳುತ್ತ ದೊರೆ ಎರಡು ಮಾತಿಗೊಮ್ಮೆ ನೀರು ಗುಟುಕರಿಸುತ್ತಿದ್ದ. ತುಟಿ ಬಿರಿದಿತ್ತು, ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಮಗ್ಗುಲಲ್ಲಿ ಲೇಹ್ಯದ ಭರಣಿ ಇತ್ತು, ಅದರ ವಾಸನೆ ಹುಚ್ಚೀರನಿಗೆ ಗುರುತಿತ್ತು. ಅವ್ವನೂ ಹೀಗೇ ಒದ್ದಾಡಿದ್ದಳಲ್ಲ ಅಂತ ಅವನಿಗೆ ನೆನಪಾಯಿತು.

"ಬುಗ್ಗೆ ಬಾಯಿನೀರು, ದೊರೆ. ಬಿಳಿಯರು ಹಲ್ಲು. ಬಾಯಿನೀರು ತೊಳೆಯದಿದ್ದರೆ ತಿಂದದ್ದು ಬುಡದಲ್ಲೇ ಕೂತು ಹುಳುಕಾಗುತ್ತದೆ."

"ಸರಿ. ಬುಗ್ಗೆಗೆ ಕಲ್ಲು ಮುಚ್ಚಿದವರು ಯಾರು?"

"ಇದಕ್ಕೆ ಉತ್ತರ ನಿಮಗೂ ಗೊತ್ತಿಲ್ಲ. ಬಾಯಿ ಒಣಗಿದ ದೊರೆಯನ್ನು ಈ ಊರು ಸುಳ್ಳ ಅನ್ನುತ್ತದೆ. ಅದಕ್ಕೇ ರೋಗವನ್ನು ಒಗಟು ಮಾಡಿ ಕೇಳುತ್ತಿದ್ದೀರಿ."

ದೊರೆ ಕತ್ತಿಗೆ ಕೈ ಹಾಕಿದ.

"ನನ್ನ ತಲೆ ತೆಗೆದರೆ ಆರೈಕೆ ಯಾರು ಮಾಡುತ್ತಾರೆ? ನಿದ್ದೆಗೆ ಅಂತ ಲೇಹ್ಯ ತಿನ್ನುತ್ತೀರಲ್ಲ, ಕಲ್ಲು ಅದೇ. ಅಪ್ಪ ಸತ್ತ ಮೇಲೆ ಅವ್ವನಿಗೆ ನಿದ್ದೆ ಬರುತ್ತಿರಲಿಲ್ಲ. ಅರಮನೆಯ ವೈದ್ಯರು ಕನಿಕರದಿಂದ ಅದನ್ನೇ ಕೊಟ್ಟರು. ತಿಂದಂತೆಲ್ಲ ಬಾಯಿ ಬತ್ತಿತು. ಆ ಲೇಹ್ಯ ಬಿಡಿಸಿದೆ. ಗುಟುಕು ಗುಟುಕಾಗಿ ನೀರು ಕುಡಿಸಿದೆ, ಬೆಲ್ಲ ಬಿಡಿಸಿ ಎಳೆಸೌತೆ ಅಗಿಸಿದೆ, ಉಂಡ ಮೇಲೆ ಬಾಯಿ ಮುಕ್ಕಳಿಸುವಂತೆ ಮಾಡಿದೆ, ತುಟಿ ನಾಲಿಗೆಗೆ ತುಪ್ಪ ಸವರಿದೆ. ಬಾಯಲ್ಲಿ ಪಸೆ ಬರುವ ಮೊದಲೇ ನಿಮ್ಮ ಅಕ್ಕಿ ಬಂತು."

"ಯಾರು ನಿನ್ನವ್ವ?"

"ಹಿಟ್ಟು ಬೀಸುವ ನಿಂಗವ್ವ."

ದೊರೆ ನೆಲ ನೋಡಿದ. "ಗೆದ್ದೆ. ಏನು ಬೇಕು?"

"ಡಂಗುರ ಹಾಕಿಸಿ. ನಿಂಗವ್ವ ಕಳ್ಳಿಯಲ್ಲ, ಅಕ್ಕಿಯ ನ್ಯಾಯ ಸುಳ್ಳು ಅಂತ."

"ನನ್ನ ತೀರ್ಪು ತಪ್ಪು ಅಂತ ನಾನೇ ಸಾರಲೇನೋ? ಜಹಗೀರು ಕೇಳು, ಕೊಡುತ್ತೇನೆ."

"ಹಾಗಾದರೆ ನಾಳೆ ಸಭೆಯಲ್ಲಿ ನೀವೂ ಒಂದು ಹಿಡಿ ಅಕ್ಕಿ ಅಗಿದು ಉಗುಳಿ."

ದೊರೆ ಡಂಗುರದವನನ್ನು ಕರೆಸಿದ.

ಡಂಗುರ ಬಿತ್ತು. ಅಕ್ಕಿಯ ನ್ಯಾಯ ನಿಂತಿತು. ಶೂಲದ ಬುಡದಲ್ಲಿ ನಿಂಗವ್ವನ ಮೇಲೆ ಮಣ್ಣು ತೂರಿದ್ದ ಜನವೇ, "ನಮಗೆ ಆಗಲೇ ಅನುಮಾನ ಇತ್ತು ಬಿಡಪ್ಪ" ಅಂದರು. ಆಗ ಎಲ್ಲಿ ಹೋಗಿತ್ತೋ ಆ ಅನುಮಾನ! ಕೇಳದಿದ್ದರೂ ಹುಚ್ಚೀರನಿಗೆ ಜಹಗೀರು ಬಂತು, ಜೊತೆಗೆ ದೊರೆಯ ಆರೈಕೆಯ ಕೆಲಸವೂ ಬಂತು.

ಆ ಸಂಜೆ ದೊರೆ ಮಗುವಿನಂತೆ ಬಾಯಿ ತೆರೆದು ಕೂತ. ಹುಚ್ಚೀರ ಅವ್ವನಿಗೆ ಮಾಡುತ್ತಿದ್ದ ಹಾಗೇ ಬೆರಳಲ್ಲಿ ತುಪ್ಪ ತೆಗೆದು, ನೋಯದಂತೆ ನಾಲಿಗೆಗೆ ಸವರಿದ. ಅವಳನ್ನು ಶೂಲಕ್ಕೆ ಹಾಕಿರಿ ಅಂದದ್ದು ಇದೇ ನಾಲಿಗೆ.